ಹಾಡು ಹೇಳದೆ ಬಿಟ್ಟದ್ದು: ಟೆಕ್ಸಾಸ್‌ನ ಕಂಟ್ರಿ ಬ್ಯಾಂಡೊಂದರ ವಿಡಿಯೊ ಎರಡು ಸಲ ಆದ ಪ್ರಕರಣ

ಮೊದಲೇ ಒಂದು ಮಾತು. ಬ್ಯಾಂಡಿನ ಹೆಸರು, ಊರು, ಹಾಡಿನ ಹೆಸರು ಯಾವುದನ್ನೂ ಇಲ್ಲಿ ಬರೆದಿಲ್ಲ. ಗುರುತು ಸಿಗಬಹುದಾದ ಕೆಲವು ವಿವರ ಬದಲಿಸಿದ್ದೇನೆ. ಬ್ಯಾಂಡಿನವರನ್ನೂ ಹಾಡಿನ ಕಥೆ ನಡೆದ ಮನೆಯವರನ್ನೂ ಕೇಳಿಯೇ ಬರೆಯುತ್ತಿದ್ದೇನೆ.

ಈ ಕೆಲಸದಲ್ಲಿ ನಾನು ಎಡಿಟರ್. ಊರು ಸಿದ್ದಾಪುರದ ಕಡೆ. ಈಗ ಇರುವುದು ಡಲ್ಲಾಸ್ ಹತ್ತಿರ. ಮದುವೆ ವಿಡಿಯೊ, ಕಂಪನಿ ವಿಡಿಯೊ ಎಡಿಟ್ ಮಾಡಿಕೊಂಡು ಇದ್ದೇನೆ. ಕನ್ನಡದಲ್ಲಿ ಈಗ ತಮ್ಮ ಹಾಡಿಗೆ ತಾವೇ ವಿಡಿಯೊ ಮಾಡಿಕೊಳ್ಳುವವರು ತುಂಬ ಜನ ಇದ್ದಾರೆ. ನಾವು ಎಲ್ಲಿ ಎಡವಿದೆವು, ಹೇಗೆ ಎದ್ದೆವು ಅನ್ನುವುದು ಅವರಿಗೆ ಉಪಯೋಗಕ್ಕೆ ಬಂದೀತು ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಹಿನ್ನೆಲೆ

ಕಂಟ್ರಿ ಅಂದರೆ ಅಮೆರಿಕದ ಹಳ್ಳಿಗಾಡಿನಲ್ಲಿ ಹುಟ್ಟಿದ ಹಾಡುಗಾರಿಕೆ. ಕಂಟ್ರಿ ಸಂಗೀತ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್. ದೊಡ್ಡ ಕಂಪನಿಗಳು, ದೊಡ್ಡ ಸ್ಟುಡಿಯೊಗಳು ಇರುವುದು ಅಲ್ಲೇ. ಆದರೆ ಟೆಕ್ಸಾಸ್, ಒಕ್ಲಹೋಮಾದಲ್ಲಿ ಬೇರೆಯದೇ ಒಂದು ಲೋಕ ಇದೆ. ಒಕ್ಲಹೋಮಾದ ಸ್ಟಿಲ್‌ವಾಟರ್ ಸುತ್ತಮುತ್ತ ಬೆಳೆದ ಹಾಡುಗಾರಿಕೆಗೆ ‘ರೆಡ್ ಡರ್ಟ್’ ಅಂತಲೇ ಹೆಸರು. ಅಲ್ಲಿನ ಕೆಂಪು ಮಣ್ಣಿನಿಂದ ಬಂದ ಹೆಸರು ಅದು. ಟೆಕ್ಸಾಸ್‌ಗೆ ಅದರದ್ದೇ ರೇಡಿಯೊ ಪಟ್ಟಿಗಳಿವೆ, ಅದರದ್ದೇ ಕೇಳುಗರಿದ್ದಾರೆ. ನ್ಯಾಶ್‌ವಿಲ್ ಕಡೆ ತಲೆಯೇ ಹಾಕದೆ ಇಪ್ಪತ್ತು ವರ್ಷ ಹಾಡಿಕೊಂಡು ಬದುಕಿದ ಬ್ಯಾಂಡುಗಳು ಇಲ್ಲಿವೆ.

ಇವರ ಬದುಕು ನಡೆಯುವುದು ಡಾನ್ಸ್ ಹಾಲ್‌ಗಳಲ್ಲಿ. ನ್ಯೂ ಬ್ರಾನ್‌ಫೆಲ್ಸ್‌ನ ಗ್ರೀನ್ ಹಾಲ್ 1878ರಲ್ಲಿ ಕಟ್ಟಿದ್ದು. ಮರದ ನೆಲ, ತಗಡಿನ ಸೂರು, ಬೇಸಿಗೆಯಲ್ಲಿ ಬೆವರು ಸುರಿಸಿಕೊಂಡೇ ಕುಣಿಯುತ್ತಾರೆ. ಫೋರ್ಟ್ ವರ್ತ್‌ನ ಬಿಲ್ಲಿ ಬಾಬ್ಸ್ ಶುರುವಾಗಿದ್ದು 1981ರಲ್ಲಿ. ಆ ಕಟ್ಟಡ ಒಂದು ಕಾಲಕ್ಕೆ ಪ್ರದರ್ಶನದ ದನ ಕಟ್ಟುವ ಕೊಟ್ಟಿಗೆ ಆಗಿತ್ತು. ಜನ ಬರುವುದು ಹಾಡು ಕೇಳುವುದಕ್ಕೆ ಮಾತ್ರ ಅಲ್ಲ, ಜೋಡಿಯಾಗಿ ಟೂ ಸ್ಟೆಪ್ ಕುಣಿಯುವುದಕ್ಕೆ. ಹಾಗಾಗಿ ನಿಧಾನದ, ಕಥೆ ಹೇಳುವ ಹಾಡಿಗೆ ರಾತ್ರಿಯ ಪಟ್ಟಿಯಲ್ಲಿ ಜಾಗ ಕಡಿಮೆ. ಅಂಥ ಹಾಡು ದೂರದವರಿಗೆ ತಲುಪಬೇಕು ಅಂದರೆ ವಿಡಿಯೊವೇ ಗತಿ.

ನಮ್ಮ ಬ್ಯಾಂಡಿನಲ್ಲಿ ಐದು ಜನ. ಪಶ್ಚಿಮ ಟೆಕ್ಸಾಸ್‌ನ ಸಣ್ಣ ಊರಿನವರು. ಶುಕ್ರವಾರ, ಶನಿವಾರ ರಾತ್ರಿ ಎಲ್ಲಿ ಕರೆದರೆ ಅಲ್ಲಿ ವ್ಯಾನ್ ಓಡಿಸಿಕೊಂಡು ಹೋಗುತ್ತಾರೆ. ಡ್ರಮ್ಮರ್‌ನ ಮದುವೆ ವಿಡಿಯೊ ನಾನೇ ಎಡಿಟ್ ಮಾಡಿದ್ದು. ಆ ಪರಿಚಯದಿಂದ ಈ ಕೆಲಸ ಸಿಕ್ಕಿತು. ನಿರ್ದೇಶಕಿ ಅವರದ್ದೇ ಊರಿನ ಹುಡುಗಿ. ಆಗಷ್ಟೇ ಸಿನಿಮಾ ಓದು ಮುಗಿಸಿದ್ದಳು.

ಹಾಡು ಗಾಯಕನ ಮನೆಯದ್ದೇ ಕಥೆ. 2011ರ ಬೇಸಿಗೆಯಲ್ಲಿ ಅವನ ಅಪ್ಪ ಮನೆಯ ದನದ ಹಿಂಡನ್ನೆಲ್ಲ ಮಾರಿದರು. ಆಗ ಅವನಿಗೆ ಹದಿನಾರು.

ಆ ವರ್ಷದ ಬಗ್ಗೆ ಒಂದಿಷ್ಟು ಹೇಳದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ. ಟೆಕ್ಸಾಸ್‌ನಲ್ಲಿ ಮಳೆಯ ಲೆಕ್ಕ ಇಡಲು ಶುರು ಮಾಡಿದ ಮೇಲೆ 2011ರಷ್ಟು ಒಣಗಿದ ವರ್ಷ ಇನ್ನೊಂದಿಲ್ಲ. ವಿಚಿತಾ ಫಾಲ್ಸ್ ಊರಲ್ಲಿ ಆ ವರ್ಷ 100 ದಿನ ಬಿಸಿಲು 100 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು, ಇಲ್ಲವೇ ದಾಟಿತ್ತು. ನಮ್ಮ ಲೆಕ್ಕದಲ್ಲಿ ಸುಮಾರು 38 ಡಿಗ್ರಿ. ಸ್ಯಾನ್ ಏಂಜೆಲೊ ಹತ್ತಿರದ ಜಲಾಶಯದಲ್ಲಿ ಉಳಿದಿದ್ದ ಚೂರು ನೀರು ಬ್ಯಾಕ್ಟೀರಿಯಾದಿಂದ ರಕ್ತದ ಬಣ್ಣಕ್ಕೆ ತಿರುಗಿತ್ತು. ಹುಲ್ಲು ಇಲ್ಲ. ಬೇರೆ ರಾಜ್ಯದಿಂದ ಲಾರಿಯಲ್ಲಿ ತರಿಸಿದ ಒಣಹುಲ್ಲಿಗೆ ಬಾಯಿಗೆ ಬಂದ ಬೆಲೆ. ರಾಜ್ಯದ ಕೃಷಿಗೆ ಆದ ನಷ್ಟ ಸುಮಾರು 760 ಕೋಟಿ ಡಾಲರ್ ಅಂತ ಆಮೇಲೆ ಲೆಕ್ಕ ಹಾಕಿದರು. ಅಜ್ಜನ ಕಾಲದಿಂದ ಸಾಕಿಕೊಂಡು ಬಂದ ತಳಿಯನ್ನೇ ಜನ ಹರಾಜಿಗೆ ಹೊಡೆದುಕೊಂಡು ಹೋದರು.

ಇಲ್ಲಿ ಹೊಲದ ಕೆರೆಗೆ ‘ಟ್ಯಾಂಕ್’ ಅಂತಾರೆ. ಮೊದಲ ಸಲ ಗಾಯಕನ ಬಾಯಲ್ಲಿ ಆ ಮಾತು ಕೇಳಿದಾಗ ನಾನು ಸಿಮೆಂಟಿನ ತೊಟ್ಟಿ ಅಂದುಕೊಂಡಿದ್ದೆ. ಹೋಗಿ ನೋಡಿದರೆ ಮಣ್ಣಿನ ಏರಿ ಹಾಕಿದ ಕೆರೆ. ನಮ್ಮ ನೀರಾವರಿ ಇಲಾಖೆಯ ಇಂಗ್ಲಿಷ್ ಕಾಗದಗಳಲ್ಲೂ ಕೆರೆಗೆ ಟ್ಯಾಂಕ್ ಅಂತಲೇ ಅಲ್ವಾ. ಆ ಒಂದು ಪದದಿಂದ ಈ ಕಥೆ ನನಗೆ ಹತ್ತಿರ ಆಯಿತು.

ಮೊದಲ ವಿಡಿಯೊ

ಹಾಡಿನಲ್ಲಿ ಮೂರು ನುಡಿ. ಮೊದಲನೆಯದರಲ್ಲಿ ಅಪ್ಪ ಬೆಳಗ್ಗೆ ಗೇಟಿನ ಹತ್ತಿರ ನಿಂತು ದನ ಎಣಿಸುತ್ತಾನೆ. ಎರಡನೆಯದರಲ್ಲಿ ಆಕಾಶ ನೋಡುತ್ತಾನೆ. ಮೂರನೆಯದರಲ್ಲಿ ದನ ತುಂಬಿದ ಟ್ರೇಲರ್ ಧೂಳೆಬ್ಬಿಸಿಕೊಂಡು ಹೋಗುತ್ತದೆ.

ಎರಡು ದಿನ ಶೂಟ್ ಮಾಡಿದೆವು. ಅಪ್ಪನ ಪಾತ್ರಕ್ಕೆ ಪಕ್ಕದ ಊರಿನ ನಾಟಕದ ಮೇಷ್ಟ್ರು. ಗೇಟು ಅಂತ ಬಂದಾಗ ಗೇಟು ತೋರಿಸಿದೆವು. ಆಕಾಶ ಅಂತ ಬಂದಾಗ ಆಕಾಶ. ಧೂಳು ಅಂತ ಬಂದಾಗ ಧೂಳು, ಅದೂ ಡ್ರೋನ್‌ನಿಂದ, ಸಂಜೆ ಬೆಳಕಲ್ಲಿ. ನಡುನಡುವೆ ಬಯಲಲ್ಲಿ ಬ್ಯಾಂಡ್ ನುಡಿಸುವ ಶಾಟ್. ಫುಟೇಜ್ ನಿಜಕ್ಕೂ ಚೆನ್ನಾಗಿತ್ತು. ನಾನು ಮೂರು ದಿನ ಕೂತು ರಫ್ ಕಟ್, ಅಂದರೆ ಮೊದಲ ಕರಡು ಜೋಡಣೆ, ಮಾಡಿದೆ. ಕಟ್ಟುಗಳೆಲ್ಲ ತಾಳಕ್ಕೆ ಸರಿಯಾಗಿ ಕೂತವು.

ಆದರೂ ಏನೋ ಸಪ್ಪೆ. ಬಣ್ಣ ತಿದ್ದಿದೆ. ಎರಡು ಶಾಟ್ ಅದಲುಬದಲು ಮಾಡಿದೆ. ಆಗಲೂ ಸಪ್ಪೆ. ಕೊನೆಗೆ ದನಿ ಮುಚ್ಚಿ ಬರೀ ಚಿತ್ರ ನೋಡಿದೆ. ಕಥೆ ಪೂರ್ತಿ ಅರ್ಥ ಆಯಿತು. ಆಮೇಲೆ ಕಣ್ಣು ಮುಚ್ಚಿ ಬರೀ ಹಾಡು ಕೇಳಿದೆ. ಅದೇ ಕಥೆ ಪೂರ್ತಿ ಅರ್ಥ ಆಯಿತು. ಎರಡನ್ನೂ ಕೂಡಿಸಿದರೆ ಒಂದಕ್ಕಿಂತ ಒಂದು ಚೂರೂ ಹೆಚ್ಚಾಗುತ್ತಿರಲಿಲ್ಲ. ತೊಂದರೆ ಎಲ್ಲೋ ಇದೆ ಅಂತ ಗೊತ್ತಾಯಿತು. ಆದರೆ ಹೆಸರು ಹೇಳಲು ಬರಲಿಲ್ಲ. ಹಾಗಾಗಿ ಸುಮ್ಮನಿದ್ದೆ. ಅದು ನನ್ನ ತಪ್ಪು. ಎಡಿಟರ್‌ಗೆ ಅನುಮಾನ ಬಂದ ದಿನವೇ ಬಾಯಿ ಬಿಡಬೇಕು.

ಬ್ಯಾಂಡಿನವರು ಅಭ್ಯಾಸ ಮಾಡುವ ಶೆಡ್ಡಿನಲ್ಲಿ ಒಂದು ಭಾನುವಾರ ಹತ್ತು ಹನ್ನೆರಡು ಜನರಿಗೆ ತೋರಿಸಿದೆವು. ಗಾಯಕನ ಅಮ್ಮ, ಸೋದರಮಾವ, ಅಕ್ಕಪಕ್ಕದ ದನ ಸಾಕುವವರು ಬಂದಿದ್ದರು. ಅಪ್ಪ ಬಂದಿರಲಿಲ್ಲ. ಮುಗಿದ ಮೇಲೆ ಎಲ್ಲರೂ ಚೆನ್ನಾಗಿದೆ ಅಂದರು. ಅಲ್ಲಿನ ಜನ ಮರ್ಯಾದೆಯವರು, ಮುಖದ ಮೇಲೆ ಏನೂ ಹೇಳುವುದಿಲ್ಲ. ಅಮ್ಮ ಮಾತ್ರ ಸ್ವಲ್ಪ ಹೊತ್ತು ಪರದೆಯನ್ನೇ ನೋಡುತ್ತ ಕೂತರು. ಆಮೇಲೆ ಮೆಲ್ಲಗೆ ಕೇಳಿದರು.

“ಈ ದನಗಳನ್ನು ಯಾರಾದರೂ ಯಾಕೆ ಮಾರುತ್ತಾರೆ?”

ಯಾರಿಗೂ ಅರ್ಥ ಆಗಲಿಲ್ಲ. ಅವರೇ ಬಿಡಿಸಿ ಹೇಳಿದರು. ನಾವು ಶೂಟ್ ಮಾಡಿದ್ದು ಒಳ್ಳೆ ಮಳೆ ಬಂದ ವರ್ಷದಲ್ಲಿ, ಪಕ್ಕದವರ ಹಿಂಡನ್ನು ಕೇಳಿ ಪಡೆದು. ಹೊಟ್ಟೆ ತುಂಬಿದ, ಮೈ ಮಿರಿಮಿರಿ ಮಿಂಚುವ ದನಗಳು. ಹಿಂದೆ ಮೊಣಕಾಲುದ್ದ ಹುಲ್ಲು. “ಆ ವರ್ಷ ಪಕ್ಕೆಲುಬು ಎಣಿಸಬಹುದಿತ್ತು. ಇವುಗಳನ್ನು ಯಾರೂ ಮಾರುವುದಿಲ್ಲ ಮಗಳೇ” ಅಂತ ನಿರ್ದೇಶಕಿಗೆ ಹೇಳಿದರು. ಗದರಿಸಲಿಲ್ಲ. ಆದರೆ ಆ ಮಾತಿಗೆ ನಮ್ಮ ಎರಡು ದಿನದ ಕೆಲಸ ಪೂರ್ತಿ ಬಿದ್ದುಹೋಯಿತು. ದನ ಸಾಕಿದವರು ಆ ವಿಡಿಯೊದ ಮೊದಲ ಹತ್ತು ಸೆಕೆಂಡಿನಲ್ಲೇ ನಮ್ಮನ್ನು ನಂಬುವುದು ಬಿಟ್ಟಿರುತ್ತಿದ್ದರು. ಯಾರ ಕಥೆ ಹೇಳಲು ಹೊರಟಿದ್ದೆವೋ ಅವರೇ.

ಆಮೇಲೆ ಅವರು ಮನೆಗೆ ಹೋಗಿ ಒಂದು ಪುಟ್ಟ ಪುಸ್ತಕ ತಂದರು.

ಜೇಬಿನ ಪುಸ್ತಕ

ಅಂಗಿ ಜೇಬಿನಲ್ಲಿ ಹಿಡಿಸುವ, ಕೆಂಪು ರಟ್ಟಿನ ಪುಸ್ತಕ. ದನ ಸಾಕುವವರ ಮನೆಯಲ್ಲೆಲ್ಲ ಇಂಥದ್ದು ಇರುತ್ತದೆ. ಎಡಗಡೆ ಹಸುವಿನ ಕಿವಿಯ ಬಿಲ್ಲೆಯ ನಂಬರು, ಪಕ್ಕದಲ್ಲಿ ಕರು ಹಾಕಿದ ತಾರೀಕು, ಗಂಡೋ ಹೆಣ್ಣೋ. ಮನೆಯಲ್ಲಿ ಈ ಲೆಕ್ಕ ಬರೆಯುತ್ತಿದ್ದದ್ದು ಅಮ್ಮ. ಹಿಂದಿನ ಪುಟಗಳಲ್ಲಿ ಮಳೆಯ ಲೆಕ್ಕ. ಬೇಲಿ ಕಂಬಕ್ಕೆ ಕಟ್ಟಿದ ಅಳತೆಯ ಕೊಳವೆಯನ್ನು ದಿನಾ ಬೆಳಗ್ಗೆ ನೋಡಿ ಬರೆದದ್ದು. ಜೂನ್‌ನಲ್ಲಿ ಸೊನ್ನೆ, ಸೊನ್ನೆ, ಸೊನ್ನೆ. ಜುಲೈಯಲ್ಲೂ ಸೊನ್ನೆ. ಒಂದು ಕಡೆಯಿಂದ ಸೊನ್ನೆ ಬರೆಯುವುದನ್ನೂ ಬಿಟ್ಟು ಸಣ್ಣ ಗೆರೆ ಎಳೆದಿದ್ದಾರೆ. ಆಮೇಲೆ ಪುಟ ಖಾಲಿ. ಮುಂದಿನ ಪುಟ ತಿರುವಿದರೆ ಹಸುಗಳ ನಂಬರು. ಒಂದೊಂದರ ಮೇಲೂ ಪೆನ್ಸಿಲ್ ಗೆರೆ. ಗಟ್ಟಿಯಾಗಿ ಒತ್ತಿ ಎಳೆದ ಗೆರೆ ಅಲ್ಲ. ಕೆಳಗಿನ ನಂಬರು ಓದುವ ಹಾಗೆ ಹಗುರವಾಗಿ ಎಳೆದದ್ದು.

ಹಾಡಿನಲ್ಲಿ ಅಮ್ಮನ ಸುದ್ದಿಯೇ ಇಲ್ಲ. ಒಂದು ಪದವೂ ಇಲ್ಲ. ಬರೆದವನು ಮಗ. ಆ ವಯಸ್ಸಿನ ಹುಡುಗನ ಕಣ್ಣಿಗೆ ಬಿದ್ದದ್ದು ಗೇಟಿನಲ್ಲಿ ನಿಂತ ಅಪ್ಪ. ಒಳಗೆ ಅಡುಗೆಮನೆಯ ಮೇಜಿನ ಮೇಲೆ ನಡೆದದ್ದು ಅವನಿಗೂ ಅವತ್ತೇ ಗೊತ್ತಾಗಿದ್ದು.

ವಾಪಸ್ ಬರುವಾಗ ಕಾರಿನಲ್ಲಿ ನಿರ್ದೇಶಕಿಗೆ ತಾಳಮದ್ದಳೆಯ ಬಗ್ಗೆ ಹೇಳಿದೆ. ನಮ್ಮ ಅಜ್ಜನ ಮನೆ ಜಗುಲಿಯಲ್ಲಿ ಮಳೆಗಾಲದ ರಾತ್ರಿ ನಡೆಯುತ್ತಿತ್ತು. ಭಾಗವತರು ನಾಲ್ಕು ಸಾಲಿನ ಪದ್ಯ ಹಾಡುತ್ತಾರೆ. ಆಮೇಲೆ ಅರ್ಥಧಾರಿ ಅದೇ ಪದ್ಯವನ್ನು ಹಿಡಿದು ಮಾತಾಡುತ್ತಾನೆ. ಪದ್ಯದಲ್ಲಿ ಇದ್ದದ್ದನ್ನೇ ತಿರುಗಿ ಹೇಳಿದರೆ ಜನ ಒಬ್ಬೊಬ್ಬರಾಗಿ ಚಹಾಕ್ಕೆ ಏಳುತ್ತಾರೆ. ಪದ್ಯ ಬಿಟ್ಟ ಜಾಗವನ್ನು ಹಿಡಿದವನ ಮಾತಿಗೆ ಬೆಳಗಿನ ತನಕ ಕೂರುತ್ತಾರೆ. ಕರ್ಣ ಯಾಕೆ ಹಾಗೆ ಮಾಡಿದ, ಆ ಹೊತ್ತಿಗೆ ಅವನ ಮನಸ್ಸಲ್ಲಿ ಏನಿತ್ತು ಅನ್ನುವುದು ಪದ್ಯದಲ್ಲಿ ಇರುವುದಿಲ್ಲ. ಅದನ್ನು ಅರ್ಥಧಾರಿ ಕಟ್ಟಬೇಕು. ನಮ್ಮ ವಿಡಿಯೊ ಪದ್ಯವನ್ನೇ ತಿರುಗಿ ಹೇಳುತ್ತಿದೆ ಅಂದೆ. ಮೂರು ವಾರದಿಂದ ಹೆಸರು ಸಿಗದೆ ಒದ್ದಾಡಿದ್ದಕ್ಕೆ ಆಗ ಹೆಸರು ಸಿಕ್ಕಿತು.

ಅವಳಿಗೆ ತಕ್ಷಣ ಹೊಳೆದದ್ದು ಗಾರ್ತ್ ಬ್ರೂಕ್ಸ್. ಸ್ಟಿಲ್‌ವಾಟರ್‌ನಲ್ಲೇ ಕಾಲೇಜು ಓದಿದ ಗಾಯಕ. ಅವರ ‘ದ ಥಂಡರ್ ರೋಲ್ಸ್’ ಹಾಡಿಗೆ 1991ರಲ್ಲಿ ವಿಡಿಯೊ ಬಂತು. ರೆಕಾರ್ಡಿನ ಹಾಡಿನಲ್ಲಿ ಇರುವುದು ಗುಡುಗಿನ ರಾತ್ರಿ, ಕಾಯುವ ಹೆಂಡತಿ, ಬೇರೆ ಸೆಂಟಿನ ವಾಸನೆ ಹೊತ್ತು ಬರುವ ಗಂಡ, ಇಷ್ಟೇ. ವಿಡಿಯೊದಲ್ಲಿ ಆ ಗಂಡ ಹೆಂಡತಿಯನ್ನು ಹೊಡೆಯುತ್ತಾನೆ. ಕೊನೆಗೆ ಅವಳು ಗುಂಡು ಹಾರಿಸುತ್ತಾಳೆ. ಗಂಡನ ಪಾತ್ರ ಮಾಡಿದ್ದು ಬ್ರೂಕ್ಸ್ ಅವರೇ. ಟಿಎನ್‌ಎನ್, ಸಿಎಂಟಿ ಅನ್ನುವ ಎರಡೂ ಕಂಟ್ರಿ ಸಂಗೀತದ ಟಿವಿ ಚಾನೆಲ್‌ಗಳು ಅದನ್ನು ಹಾಕುವುದು ನಿಲ್ಲಿಸಿದವು. ಅದೇ ವರ್ಷ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ನ ವರ್ಷದ ವಿಡಿಯೊ ಪ್ರಶಸ್ತಿಯೂ ಅದಕ್ಕೇ ಬಂತು. ಆ ವಿಡಿಯೊ ಜನರ ಮನಸ್ಸಲ್ಲಿ ಉಳಿಯಲು ಕಾರಣ ಗುಂಡಿನ ಸದ್ದು ಅಲ್ಲ ಅಂತ ನನ್ನ ಅಭಿಪ್ರಾಯ. ಹಾಡು ಬಾಗಿಲ ತನಕ ಕರೆದುಕೊಂಡು ಹೋಗಿ ನಿಂತಿತ್ತು, ವಿಡಿಯೊ ಬಾಗಿಲು ತೆಗೆದು ಒಳಗೆ ಹೋಯಿತು.

ಅಪ್ಪ ಹಾಕಿದ ಷರತ್ತು

ಹೊಸದಾಗಿ ಶುರು ಮಾಡೋಣ ಅಂತ ನಾಲ್ಕು ಜನ ಒಪ್ಪಿದರು. ಗಾಯಕ ಮಾತ್ರ ಒಪ್ಪಲಿಲ್ಲ. ದುಡ್ಡಿನ ಕಾರಣಕ್ಕೆ ಅಲ್ಲ. ಅಪ್ಪ ಆ ದಿನದ ಬಗ್ಗೆ ಮನೆಯಲ್ಲಿ ಯಾವತ್ತೂ ಮಾತಾಡಿದವರಲ್ಲ. ಮಗನ ಕಾರ್ಯಕ್ರಮಕ್ಕೆ ಬರುತ್ತಾರೆ, ಹಿಂದಿನ ಸಾಲಲ್ಲಿ ನಿಲ್ಲುತ್ತಾರೆ. ಈ ಹಾಡು ಶುರುವಾದರೆ ಟೋಪಿ ತಲೆಗಿಟ್ಟುಕೊಂಡು ಹೊರಗೆ ಹೋಗುತ್ತಾರೆ. ಮುಗಿದ ಮೇಲೆ ಒಳಗೆ ಬರುತ್ತಾರೆ. ಹಾಡು ಬರೆದಾಗ ಮಗ ಅವರನ್ನು ಕೇಳಿರಲಿಲ್ಲ. ಈಗ ಮನೆಯ ಪುಸ್ತಕವನ್ನೇ ಪರದೆಗೆ ತರುವಾಗ ಕೇಳದೆ ಹೇಗೆ?

ಕೇಳಿದ. ಅಪ್ಪ ಏನೂ ಹೇಳಲಿಲ್ಲ. ವಾರ ಕಳೆಯಿತು, ಇನ್ನೊಂದು ವಾರ ಕಳೆಯಿತು. ನಿರ್ದೇಶಕಿಗೆ ಅವಸರ. ಹಾಡು ಬಿಡುಗಡೆ ಆಗುವ ದಿನ ಹತ್ತಿರ ಬರುತ್ತಿತ್ತು. ಅಮ್ಮ ಒಪ್ಪಿದ್ದಾರಲ್ಲ, ಪುಸ್ತಕ ಅವರದ್ದೇ ಅಲ್ವಾ ಅನ್ನುವುದು ಅವಳ ವಾದ. ಕಾಗದದ ಮೇಲೆ ಅದು ಸರಿ. ಆದರೆ ಗಾಯಕ ಹಾಡಿನ ಬಿಡುಗಡೆಯನ್ನೇ ಮುಂದಕ್ಕೆ ಹಾಕಿದ. ಈ ಇಡೀ ಕೆಲಸದಲ್ಲಿ ದೊಡ್ಡ ನಿರ್ಧಾರ ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಎಡಿಟಿಂಗ್ ಟೇಬಲ್ ಮುಂದೆ ನಾವು ತೆಗೆದುಕೊಂಡದ್ದೆಲ್ಲ ಇದರ ಆಮೇಲೆ.

ಮೂರನೇ ವಾರದ ಕೊನೆಗೆ, ಬೇಲಿ ತಂತಿ ಬಿಗಿಯುವಾಗ, ಅಪ್ಪ ತಾವಾಗಿಯೇ ಹೇಳಿದರಂತೆ. “ಮಾಡಿ. ಆದರೆ ನನ್ನ ಮುಖ ಬೇಡ. ನನ್ನ ಹಾಗೆ ಇನ್ನೊಬ್ಬನನ್ನು ನಿಲ್ಲಿಸುವುದೂ ಬೇಡ.”

ಅಂದರೆ ಅಪ್ಪನ ಹಾಡಿನ ವಿಡಿಯೊದಲ್ಲಿ ಅಪ್ಪನೇ ಇರುವ ಹಾಗಿಲ್ಲ. ನಟನೂ ಇಲ್ಲ. ಕೇಳಿದಾಗ ಕೈಕಾಲು ಕಟ್ಟಿಹಾಕಿದ ಹಾಗೆ ಅನಿಸಿತು. ಎರಡು ದಿನ ಯೋಚಿಸಿದ ಮೇಲೆ, ಇದಕ್ಕಿಂತ ಒಳ್ಳೆಯ ಸೂಚನೆ ನಮಗೆ ಯಾರೂ ಕೊಟ್ಟಿರಲಿಲ್ಲ ಅನಿಸಿತು. ಹಾಡಿನ ತುಂಬ ಅಪ್ಪನೇ ಇದ್ದಾನೆ. ಕಿವಿಗೆ ಅಷ್ಟು ಕೇಳುವಾಗ ಕಣ್ಣಿಗೆ ಕಾಣದಿದ್ದರೆ ನೋಡುವವನು ಅವನನ್ನು ಹುಡುಕುತ್ತಾನೆ. ಖಾಲಿ ಗೇಟು ತೋರಿಸಿದರೂ ಅಲ್ಲಿ ಅವನು ನಿಂತಿರುತ್ತಾನೆ.

ಎರಡನೇ ವಿಡಿಯೊ

ಈ ಸಲ ಮುಖ್ಯವಾಗಿ ಎರಡೇ ಜಾಗ. ಒಂದು ಅಡುಗೆಮನೆಯ ಮೇಜು, ಇನ್ನೊಂದು ದನದ ಹರಾಜು ನಡೆಯುವ ದೊಡ್ಡ ಕೊಟ್ಟಿಗೆ. ಸೇಲ್ ಬಾರ್ನ್ ಅಂತಾರೆ ಅಲ್ಲಿ.

ಮೇಜಿನ ಮುಂದೆ ಅಮ್ಮನೇ ಕೂತರು. ಮುಖ ಬೇಡ, ಕೈ ಮಾತ್ರ ಅಂತ ಅವರೂ ಹೇಳಿದರು. ಮೊದಲ ದಿನ ನಿರ್ದೇಶಕಿ ಅವರಿಗೆ ಪೆನ್ಸಿಲ್ ಕೊಟ್ಟು ನಿಧಾನವಾಗಿ ಗೆರೆ ಎಳೆಯಿರಿ ಅಂದಳು. ಬೆರಳು ಸ್ವಲ್ಪ ನಡುಗಲಿ ಅಂತಲೂ ಹೇಳಿದಳು. ಅಮ್ಮ ನಕ್ಕರು. “ಅವತ್ತು ನಡುಗಿರಲಿಲ್ಲ. ಅಡುಗೆ ಆಗಬೇಕಿತ್ತು” ಅಂದರು. ಹಾಗೆಯೇ ಬಿಟ್ಟೆವು. ಈಗ ವಿಡಿಯೊದಲ್ಲಿ ಇರುವುದು ಆ ಕೈ. ಸರಸರ ಗೆರೆ ಎಳೆದು, ಪುಟ ತಿರುವಿ, ಎದ್ದು ಹೋಗಿ ಒಲೆ ಆರಿಸಿ ಬಂದು, ಮತ್ತೆ ಗೆರೆ ಎಳೆಯುವ ಕೈ. ಗೆರೆ ಎಳೆದದ್ದು ಅದೇ ತರಹದ ಹೊಸ ಪುಸ್ತಕದ ಮೇಲೆ. ಹಳೆಯದನ್ನು ಮಳೆಯ ಪುಟಕ್ಕೆ ಮಾತ್ರ ಬಳಸಿದೆವು.

ಹದಿನಾರರ ಹುಡುಗನೊಬ್ಬ ಟ್ರೇಲರ್ ಬಾಗಿಲು ಹಾಕಿ ಅಳುವ ಶಾಟ್ ಕೂಡ ತೆಗೆದಿದ್ದೆವು. ಹುಡುಗ ಚೆನ್ನಾಗಿಯೇ ಮಾಡಿದ್ದ. ಟೈಮ್‌ಲೈನ್‌ಗೆ ಹಾಕಿದ ಕೂಡಲೇ ಉಳಿದದ್ದೆಲ್ಲ ಚಿಕ್ಕದಾಯಿತು. ನೋಡುವವರ ಪಾಲಿನ ಅಳುವನ್ನೂ ಅವನೇ ಅತ್ತುಬಿಟ್ಟ ಹಾಗೆ. ನಿರ್ದೇಶಕಿಗೂ ನನಗೂ ಇದರ ಮೇಲೆ ಜೋರು ಜಗಳ ಆಯಿತು. ಕೊನೆಗೆ ಬಾಗಿಲು ಹಾಕುವ ಸದ್ದು ಉಳಿಯಿತು, ಹುಡುಗ ಹೋದ.

ಹರಾಜಿನ ಕೊಟ್ಟಿಗೆಯ ಮಾಲೀಕರು ಎರಡು ಷರತ್ತು ಹಾಕಿದರು. ಕೊಳ್ಳುವವರ ಮುಖ ಬರಬಾರದು, ಮಾರುವವರ ಹೆಸರು, ಬೆಲೆ ಇರುವ ಬೋರ್ಡು ಕಾಣಬಾರದು. ಎರಡೂ ನ್ಯಾಯವೇ. ಮಾಮೂಲಿ ಹರಾಜಿನ ದಿನವೇ ಹೋದೆವು. ಮೊದಲ ಅರ್ಧ ಗಂಟೆ ಕ್ಯಾಮರಾ ಹೊರಗೇ ತೆಗೆಯಲಿಲ್ಲ. ಸುಮ್ನೆ ಮೆಟ್ಟಿಲ ಮೇಲೆ ಕೂತು ಕೇಳಿದೆವು. ಕಬ್ಬಿಣದ ಬಾಗಿಲು ಧಡ್ ಅಂತ ತೆರೆಯುತ್ತದೆ. ಹಸು ಒಳಗೆ ಬರುತ್ತದೆ, ಮರದ ಹೊಟ್ಟಿನ ಮೇಲೆ ಒಂದು ಸುತ್ತು ಬರುತ್ತದೆ. ಮೇಲೆ ಮೈಕಿನಲ್ಲಿ ಹರಾಜು ಕೂಗುವವರ ಕೂಗು ಉಸಿರು ಬಿಡದೆ ಓಡುತ್ತದೆ. ಯಾರೋ ಬೆರಳು ಎತ್ತುತ್ತಾರೆ. ಇನ್ನೊಂದು ಬಾಗಿಲು ಧಡ್ ಅನ್ನುತ್ತದೆ. ಮುಗಿಯಿತು. ಒಂದು ಹಸುವಿಗೆ ಒಂದು ನಿಮಿಷವೂ ಇಲ್ಲ. ಹತ್ತು ವರ್ಷ ಹೆಸರು ಹಿಡಿದು ಕರೆದ ಹಸುವಾದರೂ ಅಷ್ಟೇ.

ಆ ಕೂಗನ್ನು ಹಾಡಿನ ಒಳಗೆ ತರಬೇಕು ಅಂತ ನನಗೆ ಅನಿಸಿತು. ಮೂರನೇ ನುಡಿ ಆದ ಮೇಲೆ ಪೆಡಲ್ ಸ್ಟೀಲ್ (ಮಲಗಿಸಿಟ್ಟು, ತಂತಿಯ ಮೇಲೆ ಲೋಹದ ಸರಳು ಜಾರಿಸಿ ನುಡಿಸುವ ಗಿಟಾರ್) ಒಂದೇ ನುಡಿಯುವ ಭಾಗ ಇತ್ತು. ಅಲ್ಲಿ ಸಂಗೀತ ಪೂರ್ತಿ ನಿಲ್ಲಿಸಿ, 20 ಸೆಕೆಂಡು ಬರೀ ಕೊಟ್ಟಿಗೆಯ ಸದ್ದು ಬಿಟ್ಟು ಒಂದು ಕಟ್ ಮಾಡಿ ಕಳಿಸಿದೆ.

ಸ್ಟೀಲ್ ನುಡಿಸುವವರಿಗೆ ತುಂಬ ನೋವಾಯಿತು. ಬ್ಯಾಂಡಿನಲ್ಲಿ ಹಿರಿಯರು ಅವರೇ. ಇಡೀ ಹಾಡಿನಲ್ಲಿ ಅವರಿಗೆ ಅಂತ ಇದ್ದದ್ದು ಅದೊಂದೇ ಜಾಗ. ಅದನ್ನು ಅವರನ್ನು ಕೇಳದೆ ತೆಗೆದಿದ್ದೆ. ಅಪ್ಪನ ಒಪ್ಪಿಗೆಗೆ ಮೂರು ವಾರ ಕಾದ ನಾನೇ, ಪಕ್ಕದಲ್ಲಿದ್ದವರ ಹತ್ತಿರ ಒಂದು ಮಾತು ಆಡಿರಲಿಲ್ಲ. ಹೋಗಿ ತಪ್ಪಾಯಿತು ಅಂದೆ. ಅವರು ಏನೂ ಹೇಳದೆ ಕೂಗಿನ ರೆಕಾರ್ಡಿಂಗ್ ಕಳಿಸು ಅಂದರು.

ನಾಲ್ಕು ದಿನದ ಮೇಲೆ ಒಂದು ಫೈಲ್ ಬಂತು. ಹರಾಜಿನ ಕೂಗು ಎಷ್ಟು ವೇಗವಾಗಿ ಓಡಿದರೂ ಸುತ್ತಿ ಸುತ್ತಿ ಒಂದೇ ಸ್ವರಕ್ಕೆ ಬಂದು ನಿಲ್ಲುತ್ತದೆ. ಅವರು ಆ ಸ್ವರ ಹುಡುಕಿದ್ದರು. ಕೂಗಿನ ಕೆಳಗೆ ಸ್ಟೀಲ್‌ನ ಒಂದೇ ಸ್ವರವನ್ನು ಉದ್ದಕ್ಕೆ, ಶ್ರುತಿ ಹಿಡಿದ ಹಾಗೆ, ಇಟ್ಟಿದ್ದರು. ಕೊನೆಯ ಬಾಗಿಲು ಧಡ್ ಅಂದಾಗ ಆ ಸ್ವರ ಸ್ವಲ್ಪ ಕೆಳಗೆ ಜಾರಿ ಹಾಡಿಗೆ ಸೇರುತ್ತದೆ. ಮೊದಲಿನ ಸೋಲೊ ಚೆನ್ನಾಗಿತ್ತು. ಇದು ಎಷ್ಟೋ ಪಾಲು ಮೇಲು. ನನ್ನ 20 ಸೆಕೆಂಡು ಬರೀ ಒಂದು ಐಡಿಯಾ ಆಗಿತ್ತು. ಅದನ್ನು ಸಂಗೀತ ಮಾಡಿದ್ದು ಅವರು.

ಆಮೇಲೆ ಆದದ್ದು

ವಿಡಿಯೊ ವಸಂತದಲ್ಲಿ ಬಿಡುಗಡೆ ಆಯಿತು. ನೋಡಿದವರ ಸಂಖ್ಯೆ ಸಾಧಾರಣ. ಇದೇ ಬ್ಯಾಂಡಿನ ಒಂದು ಕುಣಿತದ ಹಾಡನ್ನು ಇದಕ್ಕಿಂತ ಎಷ್ಟೋ ಜಾಸ್ತಿ ಜನ ನೋಡಿದ್ದಾರೆ. ಹೊರಗಿನ ಒಬ್ಬ ಅನುಭವಿ ವ್ಯವಸ್ಥಾಪಕರು ನೋಡಿ, ಗಾಯಕನ ಮುಖ ಇನ್ನೂ ನಾಲ್ಕು ಕಡೆ ಬರಬೇಕು, ಹೊಸಬರಿಗೆ ಹಾಡುವವನು ಯಾರು ಅಂತ ಗೊತ್ತಾಗಬೇಡವೇ ಅಂದರು. ಅವರ ಮಾತಿನಲ್ಲಿ ಹುರುಳಿದೆ. ಗಾಯಕ ಕಾಣುವುದು ಒಂದೇ ಕಡೆ, ಮನೆಯ ಮೆಟ್ಟಿಲ ಮೇಲೆ, ಬೆನ್ನು ತಿರುಗಿಸಿಕೊಂಡು. ಹೆಸರು ಮಾಡಬೇಕಾದ ಬ್ಯಾಂಡಿಗೆ ಇದರಿಂದ ನಷ್ಟವೇ ಆಗಿರಬಹುದು. ಆದರೂ ಅಪ್ಪನ ಮುಖ ಇಲ್ಲದ ಕಡೆ ತನ್ನ ಮುಖ ಬೇಡ ಅಂತ ಅವನು ಬದಲಿಸಲಿಲ್ಲ. ರೇಡಿಯೊದವರಿಗೆ ಕೂಗು ಇಲ್ಲದ ಮೊದಲಿನ ಆಡಿಯೊವನ್ನೇ ಕೊಟ್ಟೆವು.

ಒಂದು ತಪ್ಪು ಹಾಗೇ ಉಳಿದಿದೆ. 2011 ಅನ್ನುವುದು ವಿಡಿಯೊದಲ್ಲಿ ಕಾಣುವುದು ಪುಸ್ತಕದ ಮೂಲೆಯಲ್ಲಿ, ಒಂದೇ ಸೆಕೆಂಡು. ಊರಿನವರಿಗೆ ಅಷ್ಟು ಸಾಕು. ಸೊನ್ನೆಗಳ ಸಾಲು ನೋಡಿದರೇ ಅವರಿಗೆ ವರ್ಷ ಗೊತ್ತಾಗುತ್ತದೆ. ಹೊರಗಿನವರಲ್ಲಿ ಕೆಲವರು ಮನೆಯವರು ಸಾಲ ಮಾಡಿ ಮುಳುಗಿದ ಕಥೆ ಅಂದುಕೊಂಡರು. ಇನ್ನು ಕೆಲವರು ಅಪ್ಪ ತೀರಿಹೋಗಿದ್ದಾನೆ, ಅದಕ್ಕೇ ಕಾಣುತ್ತಿಲ್ಲ ಅಂತ ತಿಳಿದರು. ಇದನ್ನು ಕೇಳಿ ಮನೆಯವರಿಗೆ ಬೇಸರ ಆಯಿತು. ಆ ಪುಟವನ್ನು ಇನ್ನು ಮೂರು ಸೆಕೆಂಡು ಹಿಡಿದಿದ್ದರೆ ಸಾಕಿತ್ತು. ಊರಿನವರಿಗಾಗಿ ಮಾಡಿದ ವಿಡಿಯೊವನ್ನು ಹೊರಗಿನ ಒಬ್ಬರಿಗಾದರೂ ಮೊದಲೇ ತೋರಿಸಬೇಕಿತ್ತು. ಮೊದಲ ಸಲ ಊರಿನವರಿಂದ ಪಾಠ ಕಲಿತ ಹುರುಪಿನಲ್ಲಿ ಇನ್ನೊಂದು ಕಡೆಯನ್ನು ಮರೆತೆವು.

ಈಗ ಯಾರಾದರೂ ಹಾಡು ತಂದು ವಿಡಿಯೊ ಮಾಡೋಣ ಅಂದರೆ ನಾನು ಕ್ಯಾಮರಾದ ಮಾತು ಎತ್ತುವುದಿಲ್ಲ. ಈ ಹಾಡು ನಡೆದಾಗ ಮನೆಯಲ್ಲಿ ಇನ್ಯಾರಿದ್ದರು ಅಂತ ಕೇಳುತ್ತೇನೆ. ಹಾಡಿನಲ್ಲಿ ಇಲ್ಲದವರು ಯಾರು, ಅವರು ಆ ಹೊತ್ತಿಗೆ ಏನು ಮಾಡುತ್ತಿದ್ದರು? ಅರ್ಧ ಜನಕ್ಕೆ ಉತ್ತರ ಗೊತ್ತಿರುವುದಿಲ್ಲ, ಮನೆಗೆ ಫೋನ್ ಮಾಡಿ ಕೇಳುತ್ತಾರೆ. ಆ ಫೋನಿನಲ್ಲೇ ವಿಡಿಯೊ ಸಿಕ್ಕ ಉದಾಹರಣೆ ಎರಡಿವೆ. ಯಾರ ಬದುಕಿನ ಕಥೆಯೋ ಅವರ ಒಪ್ಪಿಗೆಯನ್ನು ಶೂಟ್‌ಗೆ ಮೊದಲೇ ಕೇಳುತ್ತೇನೆ, ಅದಕ್ಕೆ ಹಿಡಿಯುವ ದಿನಗಳನ್ನೂ ಲೆಕ್ಕಕ್ಕೆ ಸೇರಿಸುತ್ತೇನೆ. ದನಿ ಮುಚ್ಚಿ ನೋಡುವುದು, ಕಣ್ಣು ಮುಚ್ಚಿ ಕೇಳುವುದು ಅಂತೂ ಪ್ರತಿ ಕೆಲಸದಲ್ಲೂ ಮಾಡುತ್ತೇನೆ.

ಕೆಂಪು ಪುಸ್ತಕವನ್ನು ನಾನೇ ತೆಗೆದುಕೊಂಡು ಹೋಗಿ ಅಮ್ಮನ ಕೈಗೆ ಕೊಟ್ಟೆ. ಅಡುಗೆಮನೆಯಲ್ಲಿ ಕೂರಿಸಿ ಪೆಕಾನ್ ಪೈ ಕೊಟ್ಟರು. ಅಪ್ಪ ವಿಡಿಯೊ ನೋಡಿದರಾ ಅಂತ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಕಳೆದ ಬೇಸಿಗೆಯಲ್ಲಿ ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆ. ಆ ಹಾಡು ಶುರುವಾಯಿತು. ಅಪ್ಪ ಎಂದಿನ ಹಾಗೆ ಟೋಪಿ ತಲೆಗಿಟ್ಟುಕೊಂಡು ಬಾಗಿಲ ಕಡೆ ನಡೆದರು. ಅವರದ್ದೇ ವಯಸ್ಸಿನ ಇಬ್ಬರು ಮೂವರು ಎದ್ದು ಅವರ ಹಿಂದೆ ಹೋದರು. ವಿಡಿಯೊ ಬಂದ ಮೇಲೆ ಹೀಗೆ ಆಗುತ್ತಿದೆ ಅಂತ ಡ್ರಮ್ಮರ್ ಹೇಳಿದ. ನಾನೂ ನೀರಿನ ಬಾಟಲಿ ತರುವ ನೆಪದಲ್ಲಿ ಹೊರಗೆ ಹೋದೆ. ಪಿಕಪ್ ಟ್ರಕ್ಕಿಗೆ ಒರಗಿ ನಿಂತಿದ್ದರು. ಒಳಗೆ ಸ್ಟೀಲ್‌ನ ಆ ಒಂದು ಸ್ವರ ಶುರುವಾಗಿತ್ತು. ಒಬ್ಬರು ತಮ್ಮ ಹೊಲದಲ್ಲಿ ಈ ವಾರ ಬಂದ ಮಳೆ ಎಷ್ಟು ಅಂತ ಹೇಳುತ್ತಿದ್ದರು. ಅಪ್ಪ ಹೆಬ್ಬೆರಳು ತೋರುಬೆರಳ ನಡುವೆ ಅಳತೆ ಹಿಡಿದು, ನಮ್ಮ ಕಡೆ ಇಷ್ಟು ಅಂತ ತೋರಿಸಿದರು.